ಕಾವಿಗೆ ಕೂತ ಕೋಳಿಗೆ ಎರಡು ತಳದ ಪಂಜರ

ಏಪ್ರಿಲ್ ಬಂತೆಂದರೆ ನಮ್ಮಲ್ಲಿ ಮೊಟ್ಟೆ ಕಡಿಮೆಯಾಗುತ್ತದೆ. ಅರ್ಧ ಕಾರಣ ಬಿಸಿಲು, ಇನ್ನರ್ಧ ಕಾವು, ಅಂದರೆ ಮರಿ ಮಾಡಲು ಕೋಳಿ ಬುಟ್ಟಿ ಬಿಟ್ಟೇಳದೆ ಕೂರುವುದು. ನಮ್ಮದು ವಿಜಯಪುರ ಜಿಲ್ಲೆಯ ಟಿಕೋಟಾ ಕಡೆ, ದ್ರಾಕ್ಷಿ ಪಡದ ಮಗ್ಗುಲಿಗೆ ತೋಟದ ವಸ್ತಿ. ಪತ್ರಾಸಿನ (ತಗಡಿನ) ಗೂಡಿನಲ್ಲಿ ಒಂಬತ್ತು ಜವಾರಿ (ನಾಟಿ) ಹೇಂಟೆ, ನಾಲ್ಕು ಸ್ವರ್ಣಧಾರ ತಳಿಯವು, ಒಂದು ಹುಂಜ ಇವೆ. ಕಳೆದ ಏಪ್ರಿಲ್‌ನಲ್ಲಿ ಮೂರು ಜವಾರಿಗಳು ಹಿಂದೆಮುಂದೆ ಕಾವಿಗೆ ಕೂತವು. ಅದರಲ್ಲಿ ಎರಡು ಒಂದೇ ಬುಟ್ಟಿಯಲ್ಲಿ, ಒಂದನ್ನೊಂದು ಒತ್ತಿಕೊಂಡು. ಉಳಿದ ಕೋಳಿಗಳು ಮೊಟ್ಟೆಯಿಡಲು ಜಾಗವಿಲ್ಲದೆ ಅವುಗಳ ಬೆನ್ನ ಮೇಲೇ ಹತ್ತುತ್ತಿದ್ದವು. ಮೊಟ್ಟೆ ಒಡೆದು ಬುಟ್ಟಿಯೆಲ್ಲ ಅಂಟಂಟು.

ಹಾಗಾಗಿ ಒಂದು ಪಂಜರ ಕಟ್ಟಿದೆ. ಕಾವು ಬಿಡಿಸಲಿಕ್ಕೂ ಅದೇ, ಮುಂದೆ ಮರಿ ಮಾಡಿಸಲಿಕ್ಕೂ ಅದೇ. ಬದಲಾಗುವುದು ತಳ ಮಾತ್ರ. ಹೇಗೆ ಕಟ್ಟಿದೆ, ಯಾವುದು ಕೆಲಸ ಮಾಡಿತು ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ನಿಜವಾಗಿ ಕಾವಿಗೆ ಕೂತಿದೆಯಾ?

ಬುಟ್ಟಿಯಲ್ಲಿ ಕೂತ ಕೋಳಿಯೆಲ್ಲ ಕಾವಿನ ಕೋಳಿಯಲ್ಲ. ಕೆಲವು ಮೊಟ್ಟೆಯಿಡಲು ಗಂಟೆಗಟ್ಟಲೆ ಕೂರುತ್ತವೆ. ಕಾವಿನದ್ದಾದರೆ ಕೈ ಹಾಕಿದ ಕೂಡಲೇ ಮೈ ಉಬ್ಬಿಸಿ ಗುರ್ ಅನ್ನುತ್ತದೆ, ಕುಕ್ಕುತ್ತದೆ. ಎದೆಯ ಪುಕ್ಕ ಉದುರಿ ಚರ್ಮ ಕಾಣುತ್ತದೆ, ಮುಟ್ಟಿದರೆ ಬಿಸಿ. ದಿನಕ್ಕೊಮ್ಮೆ ಎದ್ದು ಗಬಗಬ ತಿಂದು, ದೊಡ್ಡದಾಗಿ ನಾರುವ ಹಿಕ್ಕೆ ಹಾಕಿ, ಮತ್ತೆ ಬುಟ್ಟಿಗೆ ಓಡುತ್ತದೆ. ನಾನು ಜಾಸ್ತಿ ನಂಬುವುದು ರಾತ್ರಿಯ ಗುರುತನ್ನು. ಕತ್ತಲಾದ ಮೇಲೆ ಉಳಿದವೆಲ್ಲ ಗಳದ ಮೇಲೆ ಏರಿರುವಾಗ ಒಂದು ಕೋಳಿ ಮಾತ್ರ ಬುಟ್ಟಿಯಲ್ಲೇ ಉಳಿದರೆ ಅದು ಕಾವಿನದ್ದೇ.

ಒಳಗೆ ನಡೆಯುವುದು ಇಷ್ಟು. ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಏರುತ್ತದೆ, ಮೊಟ್ಟೆಯಿಡುವುದು ನಿಲ್ಲುತ್ತದೆ. ಬೆಚ್ಚನೆಯ ಬುಟ್ಟಿ, ಕತ್ತಲ ಮೂಲೆ, ಹೊಟ್ಟೆಗೆ ತಾಗುವ ಮೊಟ್ಟೆ ಇವೆಲ್ಲ ಆ ಹಾರ್ಮೋನ್ ಇಳಿಯದಂತೆ ಹಿಡಿದಿಡುತ್ತವೆ. ಮೊಟ್ಟೆ ತೆಗೆದರೆ ಸಾಕು ಅನ್ನುವವರಿದ್ದಾರೆ. ಸಾಲದು. ಜವಾರಿ ಕೋಳಿ ಬರೀ ನೆಲದ ಮೇಲೂ ಕೂತೇ ಇರುತ್ತದೆ. ಹೊಟ್ಟೆಯಡಿ ಗಾಳಿ ಆಡಬೇಕು. ಪಂಜರದ ಗುಟ್ಟೆಲ್ಲ ಇದೇ.

ಎಬ್ಬಿಸಬೇಕೋ, ಕೂರಿಸಬೇಕೋ?

ಅವ್ವ ಮೊದಲು ಒಪ್ಪಲಿಲ್ಲ. "ಕಾವಿಗಿ ಕುಂತದ್ದನ್ನ ಎಬ್ಬಸ್ತಾರೇನೋ? ಹನ್ನೊಂದು ಮೊಟ್ಟಿ ಇಟ್ಟು ಸುಮ್ನ ಬಿಡು" ಅಂದಳು. ತಿಂಗಳು ಬೇರೆಯಾಗಿದ್ದರೆ ನಾನೂ ಬಿಡುತ್ತಿದ್ದೆ. ಆದರೆ ಏಪ್ರಿಲ್–ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಮೊಟ್ಟೆಗೆ ಬೇಕಾದ ಕಾವು 37.5 ಡಿಗ್ರಿ ಆಸುಪಾಸು. ಪತ್ರಾಸಿನ ಕೆಳಗೆ ಮಧ್ಯಾಹ್ನ ಅದಕ್ಕಿಂತ ಜಾಸ್ತಿ ಆಗಿಬಿಡುತ್ತದೆ. ಕೋಳಿ ಅರ್ಧ ಗಂಟೆ ಎದ್ದು ಹೋಗಿ ಮೊಟ್ಟೆ ತಣ್ಣಗಾದರೆ ಮರಿ ತಡೆದುಕೊಳ್ಳುತ್ತದೆ, ಅತಿಯಾಗಿ ಬಿಸಿಯಾದರೆ ತಡೆದುಕೊಳ್ಳುವುದಿಲ್ಲ. ಅದೂ ಅಲ್ಲದೆ, ಬೇಸಿಗೆಯ ಕೋಣೆಯಲ್ಲಿ ನಾಲ್ಕು ದಿನ ಕೂಡಿಟ್ಟ ಮೊಟ್ಟೆಯೊಳಗೆ ಕಾವಿಗೆ ಇಡುವ ಮೊದಲೇ ಭ್ರೂಣ ಅರೆಬರೆ ಬೆಳೆಯಲು ಶುರುಮಾಡಿ ಸಾಯುತ್ತದೆ. ನನ್ನ ಲೆಕ್ಕದಲ್ಲಿ ನಮ್ಮ ಕಡೆ ಮರಿ ಮಾಡಿಸುವ ಕಾಲ ದೀಪಾವಳಿಯಿಂದ ಶಿವರಾತ್ರಿವರೆಗೆ. ಏಪ್ರಿಲ್‌ನಲ್ಲಿ ಕೂತ ಮೂರನ್ನೂ ಎಬ್ಬಿಸುವುದು ಅಂತಾಯಿತು.

ಕೋಳಿಯ ಮೈ ಲೆಕ್ಕವೂ ಇದೆ. ಮರಿಯಾಗಲು 21 ದಿನ. ಅಷ್ಟೂ ದಿನ ಅದು ತಿನ್ನುವುದು ಕಡಿಮೆ, ಸೊರಗುತ್ತದೆ. ಆಮೇಲೆ ಮರಿ ಬೆನ್ನಿಗೆ ಕಟ್ಟಿಕೊಂಡು ತಿರುಗುವ ತಿಂಗಳುಗಳು ಬೇರೆ. ಜವಾರಿ ಹೇಂಟೆ ವರ್ಷಕ್ಕೆ 50–60 ಮೊಟ್ಟೆಯಷ್ಟೇ ಇಡುವುದಕ್ಕೆ ಇದೂ ಒಂದು ಕಾರಣ. ಸ್ವರ್ಣಧಾರ ಕಾವಿಗೆ ಕೂರುವುದು ಅಪರೂಪ, ಹಾಗಾಗಿ ಅದರ ಮೊಟ್ಟೆ ಜಾಸ್ತಿ. ಆದರೆ ಮರಿ ಬೇಕೆಂದಾಗ ಅದು ಕೈಕೊಡುತ್ತದೆ, ಜವಾರಿಯ ಹತ್ತಿರವೇ ಹೋಗಬೇಕು.

ಊರ ಮದ್ದುಗಳೂ ಬಂದವು. ಮೂಗಿನ ತೂತಿಗೆ ಪುಕ್ಕ ಚುಚ್ಚುವುದು, ಕೊಡದ ನೀರಿನಲ್ಲಿ ಅದ್ದುವುದು, ಬುಟ್ಟಿ ಮುಚ್ಚಿ ಅನ್ನನೀರು ಕೊಡದೆ ಕತ್ತಲಲ್ಲಿ ಇಡುವುದು. ಪುಕ್ಕ ಚುಚ್ಚುವುದು ಬರೀ ಹಿಂಸೆ. ನೀರಿನಲ್ಲಿ ಅದ್ದಿದರೆ ಹೊಟ್ಟೆ ತಂಪಾಗುವುದು ನಿಜ, ಆದರೆ ನಮ್ಮ ಬಿಸಿಲಿಗೆ ಅದು ಸ್ವಲ್ಪ ಹೊತ್ತಿನಲ್ಲೇ ಒಣಗಿ ಮತ್ತೆ ಬುಟ್ಟಿಗೆ ಹೋಗಿ ಕೂರುತ್ತದೆ. ಕತ್ತಲಲ್ಲಿ ಇಡುವುದಂತೂ ತಲೆಕೆಳಗಾದ ಉಪಾಯ. ಕಾವಿನ ಕೋಳಿಗೆ ಬೇಕಾಗಿರುವುದೇ ಕತ್ತಲು. ಬೇಸಿಗೆಯಲ್ಲಿ ನೀರು ತಪ್ಪಿಸಿದರೆ ಕಾವಿನ ಜೊತೆ ಕೋಳಿಯೂ ಹೋಗುತ್ತದೆ.

ಮೊದಲು ಕ್ರೇಟು

ವೆಲ್ಡಿಂಗ್‌ಗೆ ಕೊಡುವ ಮೊದಲು ಮನೆಯಲ್ಲಿದ್ದ ದ್ರಾಕ್ಷಿ ಕ್ರೇಟಿನಲ್ಲಿ ನೋಡಿದೆ. ನಾಲ್ಕು ಇಟ್ಟಂಗಿ ಮೇಲೆ ಒಂದು ಕ್ರೇಟು, ಅದರ ಮೇಲೆ ಇನ್ನೊಂದನ್ನು ಬೋರಲು ಹಾಕಿ ತಂತಿಯಿಂದ ಬಿಗಿದರೆ ಆಯಿತು. ಒಂದು ಕೋಳಿ ನಿಲ್ಲುವಷ್ಟು ಎತ್ತರ ಸಿಗುತ್ತದೆ. ಖರ್ಚಿಲ್ಲ. ನಿನ್ನೆ ಮೊನ್ನೆ ಕಾವು ಶುರುವಾದ ಕೋಳಿಗೆ ಇದೇ ಸಾಕು. ಆದರೆ ತಳದ ತೂತು ಸಣ್ಣ, ಹಿಕ್ಕೆ ಕೆಳಗೆ ಬೀಳದೆ ಅಲ್ಲೇ ಮೆತ್ತಿಕೊಳ್ಳುತ್ತದೆ. ಮೆತ್ತಿದ ಮೇಲೆ ಗಾಳಿಯೂ ಬರುವುದಿಲ್ಲ. ಕೋಳಿ ಅದರ ಮೇಲೇ ಆರಾಮಾಗಿ ಕೂರುತ್ತದೆ.

ಒಣದ್ರಾಕ್ಷಿ ಮಾಡುವವರ ಕ್ರೇಟು ಬಳಸುವುದಾದರೆ ಒಂದು ಮಾತು. ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿರುತ್ತಾರೆ. ಆ ಜಿಡ್ಡು ಕ್ರೇಟಿನಲ್ಲಿ ಉಳಿದಿರುತ್ತದೆ. ಸೋಪಿನ ಪುಡಿ ಹಾಕಿ ಉಜ್ಜಿ ತೊಳೆದು ಒಣಗಿಸಿಯೇ ಕೋಳಿ ಬಿಡಿ.

ಕಟ್ಟಿದ್ದು

ಚೌಕಟ್ಟು ಪೌಣ (ಮುಕ್ಕಾಲು) ಇಂಚಿನ ಕಬ್ಬಿಣದ ಆಂಗಲ್‌ನಲ್ಲಿ. ಉದ್ದ 3 ಅಡಿ, ಅಗಲ 2 ಅಡಿ, ಎತ್ತರ ಒಂದೂವರೆ ಅಡಿ. ಕೆಳಗೆ ಒಂದೂವರೆ ಅಡಿ ಕಾಲು. ಎರಡು ಕೋಳಿ ತಿರುಗಾಡಲು ಇಷ್ಟು ಸಾಕು. ಕಾಲು ಇನ್ನೂ ಗಿಡ್ಡ ಮಾಡಿದರೆ ಹಿಕ್ಕೆ ಗುಡ್ಡೆ ಬಿದ್ದು ತಳದ ಹತ್ತಿರ ಬರುತ್ತದೆ, ನಾಯಿ ಮೂತಿ ಹಾಕುತ್ತದೆ.

ಮರದಲ್ಲಿ ಯಾಕೆ ಮಾಡಲಿಲ್ಲ ಅಂತ ಕಾಕಾ ಕೇಳಿದರು. ಬೇವಿನ ಹಲಗೆ ಮನೆಯಲ್ಲೇ ಬಿದ್ದಿತ್ತು. ನಮ್ಮಂಥ ಒಣ ಸೀಮೆಯಲ್ಲಿ ಕೋಳಿ ಉಣ್ಣೆಯ ಕಾಟ ಜಾಸ್ತಿ. ಅದು ಹಗಲು ಹಲಗೆಯ ಸಂದಿಯಲ್ಲಿ ಅಡಗಿರುತ್ತದೆ, ರಾತ್ರಿ ಬಂದು ರಕ್ತ ಹೀರುತ್ತದೆ. ಕಾವಿಗೆ ಕೂತ ಕೋಳಿ ಎದ್ದು ಹೋಗುವುದಿಲ್ಲವಲ್ಲ, ಉಣ್ಣೆಯ ಪಾಲಿಗೆ ಇಪ್ಪತ್ತೊಂದು ರಾತ್ರಿಯೂ ಊಟ. ಕಬ್ಬಿಣಕ್ಕೆ ಸಂದಿ ಕಡಿಮೆ. ಇದ್ದ ಸಂದಿಗೂ ಬೆಂಕಿ ತೋರಿಸಬಹುದು.

ಆಂಗಲ್‌ನ ಅಂಚು ಒಳಗೆ ಬರುವಂತೆ ಕೆಳಗಿನ ಚೌಕ ಬೆಸೆಸಿದೆ. ಆ ಅಂಚಿನ ಮೇಲೆ ತಳ ಕೂರುತ್ತದೆ. ತಳವನ್ನು ಬೆಸೆಯಬಾರದು, ಎತ್ತಿ ತೆಗೆಯುವ ಹಾಗಿರಬೇಕು. ಅದಕ್ಕೆ ಮೇಲ್ಮುಚ್ಚಳವೇ ಪೂರ್ತಿ ತೆರೆಯುವಂತೆ ಎರಡು ಬಿಜಾಗ್ರಿ (ಕೀಲು) ಹಾಕಿಸಿದೆ. ತಳದ ಅಳತೆ ಎಲ್ಲ ಕಡೆ ಕಾಲು ಇಂಚು ಕಡಿಮೆ ಹಿಡಿಯಿರಿ. ಬಣ್ಣ ಬಳಿದ ಮೇಲೆ, ತುಕ್ಕು ಹಿಡಿದ ಮೇಲೆ ಅದು ಒಳಗೆ ಸಿಕ್ಕಿಹಾಕಿಕೊಳ್ಳಬಾರದು.

ಒಂದನೇ ತಳ ಜಾಳಿಗೆಯದ್ದು. ಪಟ್ಟಿಯ ಚೌಕಟ್ಟಿಗೆ ಒಂದು ಇಂಚು ಚೌಕದ ವೆಲ್ಡ್‌ಮೆಶ್. ಅರ್ಧ ಇಂಚಿನದ್ದು ಹಾಕಿದರೆ ಹಿಕ್ಕೆ ಕಟ್ಟಿಕೊಳ್ಳುತ್ತದೆ. ಒಂದೂವರೆ–ಎರಡು ಇಂಚಾದರೆ ಕಾಲು ಸಿಕ್ಕಿ ಕೋಳಿಗೆ ಪೆಟ್ಟು. ತಂತಿ ದಪ್ಪ ಇರಲಿ, ನಾನು 12 ಗೇಜ್ ತಂದೆ. ಗೇಜ್ ಸಂಖ್ಯೆ ಕಡಿಮೆಯಾದಷ್ಟು ತಂತಿ ದಪ್ಪ, ಅಂಗಡಿಯಲ್ಲಿ ಇದು ಉಲ್ಟಾ ಅನ್ನಿಸುತ್ತದೆ. ತೆಳು ತಂತಿ ಕೋಳಿಯ ಪಾದಕ್ಕೆ ಕೊರೆಯುತ್ತದೆ, ನಡುವೆ ಜಗ್ಗುತ್ತದೆ. ಜಗ್ಗಿದ ತಗ್ಗಿನಲ್ಲಿ ಕೋಳಿ ಹೋಗಿ ಕೂತರೆ ಮತ್ತೆ ಗೂಡು ಸಿಕ್ಕಂತೆಯೇ. ಅದಕ್ಕೆ ನಟ್ಟನಡುವೆ ಒಂದು ಅಡ್ಡಪಟ್ಟಿ ಹಾಕಿಸಿದ್ದೇನೆ. ಈ ತಳಕ್ಕೆ ಬಣ್ಣ ಬೇಡ, ಕುಕ್ಕಿ ತಿನ್ನುತ್ತವೆ.

ಎರಡನೇ ತಳ ಪತ್ರಾಸಿನ ತಟ್ಟೆ, ನಾಲ್ಕು ಇಂಚು ಆಳ, ಕೆಳಗೆ ನೀರಿಳಿಯಲು ಏಳೆಂಟು ಸಣ್ಣ ತೂತು. ಇದು ಮರಿ ಮಾಡಿಸುವ ಕಾಲಕ್ಕೆ.

ಮೂರು ಮಗ್ಗುಲಿಗೂ ಮುಚ್ಚಳಕ್ಕೂ ಅರ್ಧ ಇಂಚಿನ ಜಾಳಿಗೆ. ಇಲ್ಲಿ ಒಂದು ಇಂಚು ಸಾಲದು. ಹಾವು, ಇಲಿ ಎರಡೂ ತೂರುತ್ತವೆ. ತಂತಿ ಕಟ್ಟಿದ ತುದಿಗಳನ್ನೆಲ್ಲ ಹೊರಕ್ಕೆ ಬಾಗಿಸಿ, ಕತ್ತರಿಸಿದ ಅಂಚಿಗೆ ಕಾನಸು (ಅರ) ಹಾಕಿ. ಮುಂದಿನ ಮಗ್ಗುಲಿಗೆ ಜಾಳಿಗೆ ಬದಲು 6 ಎಂಎಂ ಸರಳು, ಎರಡೆರಡು ಇಂಚಿಗೆ ಒಂದರಂತೆ. ಕೋಳಿ ಕತ್ತು ಹೊರಹಾಕಿ ತಿನ್ನಬೇಕಲ್ವಾ? ನಾಲ್ಕು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ತುದಿಗೆ ಮುಚ್ಚಿ, ಹೊರಗೆ ತೂಗುಹಾಕಿದೆ. ಒಂದು ಕಾಳಿಗೆ, ಒಂದು ನೀರಿಗೆ. ಒಳಗೆ ಇಟ್ಟರೆ ತುಳಿದು ಚೆಲ್ಲುತ್ತವೆ. ಮರಿಯಾದ ಮೇಲೆ ಈ ಸರಳಿನ ಸಂದಿಯಿಂದ ಮರಿ ಉದುರಬಾರದು ಅಂತ ಅದರ ಅಳತೆಗೆ ಒಂದು ಅರ್ಧ ಇಂಚಿನ ಜಾಳಿಗೆಯ ತುಂಡು ಬೇರೆಯೇ ಇದೆ, ಕೊಕ್ಕೆಯಿಂದ ಸಿಕ್ಕಿಸುವಂಥದ್ದು.

ಚೌಕಟ್ಟಿಗೆ ರೆಡ್ ಆಕ್ಸೈಡ್ ಬಳಿದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗಿಟ್ಟೆ.

ಜಾಳಿಗೆ ತಳದ ಮೇಲೆ

ಪಂಜರವನ್ನು ಬೇವಿನ ಮರದ ಕೆಳಗೆ, ಉಳಿದ ಕೋಳಿಗಳು ಓಡಾಡುವ ಜಾಗದಲ್ಲೇ ಇಟ್ಟೆ. ಕಣ್ಣಿಗೆ ಕಾಣುತ್ತಾ ಇದ್ದರೆ ವಾಪಸ್ ಬಿಟ್ಟಾಗ ಜಗಳ ಕಡಿಮೆ. ಬೇರೆ ಕಡೆ ಇಟ್ಟು ತಂದರೆ ಹೊಸ ಕೋಳಿ ಬಂತು ಅಂತ ಕುಕ್ಕುತ್ತವೆ. ಪಡುವಣ ಮಗ್ಗುಲಿಗೆ ಗೋಣಿಚೀಲ ಕಟ್ಟಿ, ಮಧ್ಯಾಹ್ನ ಅದಕ್ಕೆ ನೀರು ಚಿಮುಕಿಸುತ್ತಿದ್ದೆ. ಕೋಳಿಗೆ ಬೆವರುವುದು ಗೊತ್ತಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಾ ರೆಕ್ಕೆ ಇಳಿಬಿಟ್ಟರೆ ಸೆಖೆ ತಡೆಯುತ್ತಿಲ್ಲ ಅಂತ. ಆಗ ಕಾವು ಬಿಡಿಸುವ ಹಟ ಬದಿಗಿಟ್ಟು ಮೊದಲು ತಂಪು ಮಾಡಬೇಕು.

ಒಳಗೆ ಹುಲ್ಲು ಹಾಕಬಾರದು, ಗೋಣಿ ಹಾಸಬಾರದು, ಮೂಲೆ ಮುಚ್ಚಬಾರದು. ಗೋವಿನಜೋಳದ ನುಚ್ಚು, ನಾವು ದಿನಾ ಕೊಡುವ ಮೊಟ್ಟೆಕೋಳಿ ಮೇವು, ತಣ್ಣೀರು, ಎಲ್ಲವೂ ಹೊಟ್ಟೆ ತುಂಬ. ಇದು ಶಿಕ್ಷೆಯಲ್ಲ. ಆಯಿ (ನಮ್ಮಜ್ಜಿ) ಮಾತ್ರ ದಿನಾ ಬಂದು ಇಣುಕಿ "ಜೇಲಿಗೆ ಹಾಕ್ಯಾನ ನೋಡ್ರಿ" ಅಂತ ಬಂದವರಿಗೆಲ್ಲ ಹೇಳಿದಳು.

ಒಂದೇ ಬುಟ್ಟಿಯಲ್ಲಿದ್ದ ಎರಡೂ ಬೇಗ ಬಿಟ್ಟವು. ಮೂರನೆಯದು, ಕೆಂಚಿ ಹೇಂಟೆ, ಹಟ ಹಿಡಿಯಿತು. ಕಣಿಕೆ ಬಣವೆಯ ಹಿಂದೆ ಕದ್ದು ಕೂತಿದ್ದರಿಂದ ನಮಗೆ ಗೊತ್ತಾಗುವ ಹೊತ್ತಿಗೆ ಕಾವು ಬಲಿತಿತ್ತು. ಹೊಸ ಕಾವಾದರೆ ಮೂರು ದಿನದ ಆಸುಪಾಸಿನಲ್ಲಿ ಇಳಿಯುತ್ತದೆ. ಬಲಿತ ಕಾವು ವಾರ ಹಿಡಿದರೂ ಹಿಡಿಯಿತು. ಅದಕ್ಕೇ ಸಂಜೆ ಬುಟ್ಟಿ ನೋಡುವ ಅಭ್ಯಾಸ ಬಿಡಬಾರದು, ಮೊಟ್ಟೆಯನ್ನು ದಿನಕ್ಕೆರಡು ಸಲ ಎತ್ತಬೇಕು.

ಕಾವು ಬಿಟ್ಟಿದೆಯಾ ನೋಡುವುದು ಹೀಗೆ. ಬೆಳಿಗ್ಗೆ ಬಿಡುವುದು. ಮಣ್ಣು ಕೆದರಿ, ಧೂಳಿನಲ್ಲಿ ಹೊರಳಾಡಿ, ಉಳಿದವುಗಳ ಹಿಂದೆ ಹೋದರೆ ಒಳ್ಳೆಯ ಲಕ್ಷಣ. ಕೊಕ್ ಕೊಕ್ ಅನ್ನುತ್ತಾ ಮೈ ಉಬ್ಬಿಸಿ ನೇರ ಬುಟ್ಟಿಗೆ ಓಡಿದರೆ ಮತ್ತೆ ಒಳಗೆ. ಕೆಲವು ಹಗಲೆಲ್ಲ ನಾಟಕ ಮಾಡಿ ಸಂಜೆ ಬುಟ್ಟಿ ಸೇರುತ್ತವೆ. ಆದ್ದರಿಂದ ತೀರ್ಮಾನ ರಾತ್ರಿಯೇ. ಗಳ ಏರಿದರೆ ಮುಗಿಯಿತು. ಕಾವು ಬಿಟ್ಟ ಕೂಡಲೇ ಮೊಟ್ಟೆ ನಿರೀಕ್ಷಿಸಬೇಡಿ. ಮೈ ತಿರುಗಲು ಒಂದೆರಡು ವಾರ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ.

ತಟ್ಟೆ ತಳದ ಮೇಲೆ

ಕಾರ್ತಿಕ ಮಾಸದಲ್ಲಿ ಅದೇ ಕೆಂಚಿ ಮತ್ತೆ ಕೂತಿತು. ಈ ಸಲ ಯಾರೂ ಎಬ್ಬಿಸಲಿಲ್ಲ.

ಜಾಳಿಗೆ ತಳ ತೆಗೆದು ತಟ್ಟೆ ಇಟ್ಟೆ. ಕೆಳಗೆ ಎರಡು ಇಂಚು ಜರಡಿ ಹಿಡಿದ ಮಣ್ಣು, ಸ್ವಲ್ಪ ತೇವ. ನಡುವೆ ಕೈಯಿಂದ ಒತ್ತಿ ತಗ್ಗು ಮಾಡಿದೆ. ಮೊಟ್ಟೆಗಳು ನಡುವಿಗೆ ಉರುಳಿ ಒಟ್ಟಿಗಿರಬೇಕು, ಮೂಲೆಗೆ ಹೋದದ್ದು ತಣ್ಣಗಾಗುತ್ತದೆ. ಅದರ ಮೇಲೆ ಒಣಗಿದ ಕಬ್ಬಿನ ರವದಿ (ಗರಿ), ಅದರೊಳಗೆ ಒಂದು ಹಿಡಿ ಬೇವಿನ ಎಲೆ. ಶೇಂಗಾ ಹೊಟ್ಟು ಸುಲಭವಾಗಿ ಸಿಗುತ್ತದೆ, ಆದರೆ ತೇವ ಮಣ್ಣಿನ ಮೇಲೆ ಬೂಷ್ಟು ಹಿಡಿಯುತ್ತದೆ, ಬೇಡ. ಹಿಂದಿನ ಅರ್ಧ ಪಂಜರಕ್ಕೆ ಗೋಣಿ ಮುಚ್ಚಿ ಕತ್ತಲು ಮಾಡಿದೆ. ಏಪ್ರಿಲ್‌ನಲ್ಲಿ ಏನೇನು ತಪ್ಪಿಸಿದ್ದೆನೋ ಅದನ್ನೆಲ್ಲ ಈಗ ಕೊಟ್ಟೆ.

ಪಂಜರದ ಕಾಲುಗಳನ್ನು ನೀರು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿದೆ. ಇದನ್ನು ಬಿಡಬೇಡಿ. ಮೊಟ್ಟೆ ಸೀಳಿ ಮರಿ ಹೊರಬರುವ ಹೊತ್ತಿಗೆ ಕೆಂಪಿರುವೆ ವಾಸನೆ ಹಿಡಿದು ಬರುತ್ತದೆ.

ಕೋಳಿಯನ್ನು ಹಗಲು ಜಾಗ ಬದಲಿಸಿದರೆ ಕಾವು ಬಿಟ್ಟುಬಿಡಬಹುದು. ಕತ್ತಲಾದ ಮೇಲೆ ಎತ್ತಿ ತಂದು, ಮರಳು ತುಂಬಿದ ಹಳೇ ಟೇಬಲ್ ಟೆನಿಸ್ ಚೆಂಡುಗಳ ಮೇಲೆ ಕೂರಿಸಿದೆ. ಗಟ್ಟಿಯಾಗಿ ಕೂತ ಮೇಲೆ, ಮತ್ತೊಂದು ರಾತ್ರಿ ಚೆಂಡು ತೆಗೆದು ಮೊಟ್ಟೆ ಇಟ್ಟೆ. ಎಲ್ಲವನ್ನೂ ಒಂದೇ ಹೊತ್ತಿಗೆ ಇಡಬೇಕು, ಇಲ್ಲವಾದರೆ ಮರಿ ಹಿಂದೆಮುಂದೆ ಆಗಿ ತಾಯಿ ಮೊದಲಿನವುಗಳ ಜೊತೆ ಎದ್ದುಬಿಡುತ್ತದೆ.

ಮೊಟ್ಟೆ ಹನ್ನೊಂದು. ನಮ್ಮ ಜವಾರಿಯದ್ದು ಎಂಟು, ಸ್ವರ್ಣಧಾರದ್ದು ಮೂರು. ವಾರದೊಳಗಿನವು, ತೀರ ದೊಡ್ಡದು ಸಣ್ಣದು ಬಿಟ್ಟು, ತೊಳೆಯದೆ. ಅಷ್ಟು ದಿನ ಅವನ್ನು ಒಳಮನೆಯಲ್ಲಿ ತೇವ ಮರಳಿನ ಮೇಲಿಟ್ಟ ಮಣ್ಣಿನ ಗಡಿಗೆಯಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಟ್ಟಿದ್ದೆವು. ಸ್ವರ್ಣಧಾರ, ಗಿರಿರಾಜಗಳ ಮೊಟ್ಟೆ ಇಟ್ಟು ಮರಿ ಮಾಡಿಸುವವರಿಗೆ ಒಂದು ಎಚ್ಚರ. 1989ರಲ್ಲಿ ಬೆಂಗಳೂರಿನ ಹೆಬ್ಬಾಳದಿಂದ ಬಂದ ಗಿರಿರಾಜವಾಗಲಿ, ಅಲ್ಲಿಂದಲೇ ಆಮೇಲೆ ಬಂದ ಸ್ವರ್ಣಧಾರವಾಗಲಿ, ತಳಿ ಬೆರೆಸಿ ಮಾಡಿದವು. ಮನೆಯಲ್ಲಿ ಹುಟ್ಟಿದ ಮರಿಗೆ ಆ ಗುಣ ಪೂರ್ತಿ ಇಳಿಯುವುದಿಲ್ಲ. ನಾನು ಇಟ್ಟದ್ದು ಬರೀ ಕುತೂಹಲಕ್ಕೆ.

ಪ್ರತಿ ಮೊಟ್ಟೆಗೂ ಪೆನ್ಸಿಲ್ ಗುರುತು ಹಾಕಿದೆ. ಆಯಿ ನಡುವೆ ಒಂದು ಕಬ್ಬಿಣದ ಮೊಳೆ ಇಟ್ಟಳು, ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. "ಆಯಿ, ಪಂಜರಾನ ಕಬ್ಬಿಣದ್ದು ಐತಲ್ಲ" ಅಂದೆ. "ಅದು ಹೊರಗಿಂದು, ಇದು ಒಳಗಿಂದು" ಅಂದಳು. ಮೊಳೆ ಅಲ್ಲೇ ಉಳಿಯಿತು.

ದಿನಕ್ಕೊಮ್ಮೆ ಮುಚ್ಚಳ ತೆರೆದು ಕೋಳಿಯನ್ನು ಹೊರಬಿಡಬೇಕು. ಹದಿನೈದು–ಇಪ್ಪತ್ತು ನಿಮಿಷ ಸಾಕು, ತಿಂದು, ಹಿಕ್ಕೆ ಹಾಕಿ, ಧೂಳಿನಲ್ಲಿ ಮೈ ಕೊಡವಿ ಅದೇ ಬರುತ್ತದೆ. ಈ ದಿನಗಳಲ್ಲಿ ಮೊಟ್ಟೆಕೋಳಿ ಮೇವಿಗಿಂತ ಕಾಳು ವಾಸಿ. ಹಿಕ್ಕೆ ಗಟ್ಟಿಯಿರುತ್ತದೆ, ಗೂಡು ಹೊಲಸಾಗುವುದಿಲ್ಲ.

ಏಳನೇ ರಾತ್ರಿ ಬೆಳಕು ಹಿಡಿದು ನೋಡಿದೆ. ರಟ್ಟಿನಲ್ಲಿ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ತೂತು ಮಾಡಿ, ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ತೂತಿಗೆ ಮೊಟ್ಟೆಯ ಅಗಲ ತುದಿ ಒತ್ತಬೇಕು. ಜೀವ ಇದ್ದರೆ ಕೆಂಪು ನರಗಳು ಜೇಡರ ಕಾಲಿನ ಹಾಗೆ ಹರಡಿ, ನಡುವೆ ಕಪ್ಪು ಚುಕ್ಕೆ ಕಾಣುತ್ತದೆ. ಎರಡು ಮೊಟ್ಟೆ ಬರೀ ತಿಳಿಯಾಗಿದ್ದವು, ತೆಗೆದೆ. ಇಟ್ಟುಕೊಂಡರೆ ಕೊಳೆತು ಒಡೆದು ಉಳಿದವನ್ನೂ ಕೆಡಿಸುತ್ತವೆ. ಹದಿನೆಂಟನೇ ದಿನದಿಂದ ಮುಟ್ಟಲೇ ಇಲ್ಲ. ಚಳಿಗಾಲದ ಒಣ ಗಾಳಿಗೆ ತಟ್ಟೆಯ ಅಂಚಿನ ಮಣ್ಣಿಗೆ ಮಾತ್ರ ಆಗಾಗ ನೀರು ಚಿಮುಕಿಸಿದೆ, ಮೊಟ್ಟೆಗಲ್ಲ.

ಎಂಟು ಮರಿ ಆದವು. ಒಂದು ಚಿಪ್ಪಿನಲ್ಲೇ ಸತ್ತಿತ್ತು. ಕೂಡಲೇ ಮುಂದಿನ ಸರಳಿಗೆ ಜಾಳಿಗೆ ತುಂಡು ಸಿಕ್ಕಿಸಿ, ನೀರನ್ನು ಒಳಗೆ ಚಿಕ್ಕ ತಟ್ಟೆಯಲ್ಲಿ ಹರಳು ಹಾಕಿ ಇಟ್ಟೆ. ಹರಳು ಇಲ್ಲದಿದ್ದರೆ ಮರಿ ನೀರಿಗೆ ಬಿದ್ದು ಸಾಯುತ್ತದೆ. ತಾಯಿ ಇದೆ ಅಂತ ಲಸಿಕೆ ಬಿಡುವಂತಿಲ್ಲ. ರಾಣಿಖೇತ್ ರೋಗಕ್ಕೆ 5ರಿಂದ 7ನೇ ದಿನದೊಳಗೆ ಲಾಸೋಟ ಲಸಿಕೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ. ಒಂದು ಸೀಸೆಯಲ್ಲಿ ನೂರಾರು ಮರಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಉಳಿಯುವುದಿಲ್ಲ. ಅಕ್ಕಪಕ್ಕದ ವಸ್ತಿಯವರ ಮರಿಗಳಿಗೂ ಅದೇ ದಿನ ಹಾಕಿಸಿದೆವು.

ಪಂಜರದಲ್ಲಿ ಇನ್ನೂ ಎರಡು ಕೆಲಸ ಬಾಕಿ. ತುಂಬ ಭಾರ, ಇಬ್ಬರು ಬೇಕು ಎತ್ತಲು. ಹಿಂದಿನ ಕಾಲಿಗೆ ಎರಡು ಗಾಲಿ ಹಾಕಿಸಬೇಕು. ಮುಚ್ಚಳದ ಕೊಂಡಿ ಬೆಕ್ಕು ಅಲ್ಲಾಡಿಸಿದರೆ ಜಾರುತ್ತದೆ, ಅದಕ್ಕೆ ಚಿಲಕ ಬದಲಿಸಬೇಕು. ಸದ್ಯ ಅದು ಕಾಕಾರ ಮನೆಯಲ್ಲಿದೆ, ತಟ್ಟೆ ತಳದ ಜೊತೆ. ಜಾಳಿಗೆ ತಳವನ್ನು ಏಪ್ರಿಲ್‌ಗೆ ಬೇಕು ಅಂತ ನಾನೇ ಇಟ್ಟುಕೊಂಡಿದ್ದೇನೆ.